ನಮ್ಮ ದಾವಣಗೆರೆ ಬಿಸಿಲಿಗೆ ಮಸಾಲೆ ಗುಲಾಬಿ ಸೆಂಟು: ಆರಿಸುವುದು, ಹಚ್ಚುವುದು, ಮನೆಯಲ್ಲೇ ಬೆರೆಸುವುದು

ಗುಲಾಬಿ ಸೆಂಟು ಅಂದ ಕೂಡಲೇ ನಮ್ಮ ಕಡೆ ಹೆಚ್ಚಿನವರಿಗೆ ನೆನಪಾಗುವುದು ಕಲ್ಯಾಣ ಮಂಟಪದ ಬಾಗಿಲಲ್ಲಿ ಚಿಮುಕಿಸುವ ಪನ್ನೀರು. ಸಿಹಿಯಾಗಿ, ತಂಪಾಗಿ ಇರುತ್ತದೆ, ಒಳಗೆ ಹೋಗಿ ಕುರ್ಚಿ ಹಿಡಿಯುವಷ್ಟರಲ್ಲಿ ಹಾರಿ ಹೋಗಿರುತ್ತದೆ. ಅದೇ ಗುಲಾಬಿಗೆ ಲವಂಗ, ಕರಿಮೆಣಸು, ಯಾಲಕ್ಕಿ, ಕೇಸರಿ ಜೊತೆಯಾದಾಗ ಪರಿಮಳಕ್ಕೆ ಒಂದು ಖಾರ, ಒಂದು ಗಟ್ಟಿತನ ಬರುತ್ತದೆ. ಹೆಂಗಸರು ಗಂಡಸರು ಯಾರು ಹಾಕಿದರೂ ಒಪ್ಪುತ್ತದೆ. ಸಂಜೆತನಕ ಮೈಮೇಲೆ ನಿಲ್ಲುತ್ತದೆ. ಪರಿಮಳದ ಲೋಕದಲ್ಲಿ ನನಗೆ ಇದಕ್ಕಿಂತ ಇಷ್ಟದ್ದು ಇನ್ನೊಂದಿಲ್ಲ.

ಆದರೆ ನಮ್ಮ ಊರಲ್ಲಿ ಇದನ್ನು ಆರಿಸುವಾಗ ಸ್ವಲ್ಪ ಹುಷಾರಾಗಿರಬೇಕು. ಏಪ್ರಿಲ್‌ನಲ್ಲಿ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಬಿಸಿಗೆ ಎಲ್ಲ ವಾಸನೆಯೂ ಬೇಗ ಆವಿಯಾಗುತ್ತದೆ. ಎಸಿ ಅಂಗಡಿಯಲ್ಲಿ ಹಿತವಾಗಿದ್ದ ಲವಂಗ ಮಧ್ಯಾಹ್ನ ಮಂಡಿಪೇಟೆಯಲ್ಲಿ ನಡೆಯುವಾಗ ತಲೆಗೆ ಹತ್ತಬಹುದು. ಹಾಗಾಗಿ ಈ ಇಡೀ ಲೇಖನದಲ್ಲಿ ಒಂದು ಮಾತನ್ನು ನಾನು ಬಿಡುವುದಿಲ್ಲ: ಮಸಾಲೆ ಗುಲಾಬಿಯನ್ನು ಅಂಗಡಿಯಲ್ಲಿ ನಿಂತು ತೀರ್ಮಾನಿಸಬೇಡಿ. ನಿಮ್ಮ ಮೈಮೇಲೆ, ನಮ್ಮ ಬಿಸಿಲಲ್ಲಿ, ನಾಲ್ಕು ತಾಸು ಕಳೆದ ಮೇಲೆ ತೀರ್ಮಾನಿಸಿ.

ಮೊದಲ ಹೆಜ್ಜೆ: ಅಡುಗೆಮನೆಯಲ್ಲಿ ಮೂಗು ಪಳಗಿಸಿ

ದುಡ್ಡು ಕೊಡುವ ಮುಂಚೆ ನಿಮಗೆ ಯಾವ ಮಸಾಲೆ ಇಷ್ಟ ಅಂತ ಗೊತ್ತಾಗಬೇಕು. ಅದಕ್ಕೆ ಬೇಕಾದದ್ದೆಲ್ಲ ಮನೆಯಲ್ಲೇ ಇದೆ, ಗುಲಾಬಿ ಒಂದನ್ನು ಬಿಟ್ಟು.

ಬೆಳಿಗ್ಗೆ ಬೇಗ ಹೂವಿನ ಮಾರ್ಕೆಟ್ಟಿಗೆ ಹೋಗಿ. ಉದ್ದ ಕಡ್ಡಿಯ, ಪ್ಲಾಸ್ಟಿಕ್ ಸುತ್ತಿದ ಡಚ್ ಗುಲಾಬಿ ಬೇಡ. ಅದನ್ನು ಬೆಳೆಸಿರುವುದು ನೋಟಕ್ಕೆ, ಜಾಸ್ತಿ ದಿನ ಬಾಡದೆ ಇರುವುದಕ್ಕೆ. ಪರಿಮಳ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪನ್ನೀರು ಗುಲಾಬಿ ಕೊಡಿ ಅಂತ ಕೇಳಿ. ತಿಳಿ ಗುಲಾಬಿ ಬಣ್ಣ, ಮೆತ್ತನೆಯ ದಳ, ಸಂಜೆಯೊಳಗೆ ಉದುರುವ ಹೂವು. ಒಂದು ಹಿಡಿ ಸಾಕು.

ಮನೆಗೆ ಬಂದು ಎರಡು ದಳವನ್ನು ಬೆರಳಲ್ಲಿ ಹೊಸಕಿ ಮೂಸಿ. ಮೊದಲು ಸಿಹಿ ಬರುತ್ತದೆ. ಆಮೇಲೆ ನಿಂಬೆ ಸಿಪ್ಪೆಯಂಥ ಹಸಿರು ವಾಸನೆ. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರೆ ತಳದಲ್ಲಿ ಸಣ್ಣಗೆ ಒಂದು ಖಾರ ಸಿಗುತ್ತದೆ. ಈಗ ಒಂದು ಲವಂಗದ ಮೊಗ್ಗನ್ನು ಉಗುರಿನಿಂದ ಒತ್ತಿ. ಉಗುರಿಗೆ ಎಣ್ಣೆಯ ಪಸೆ ಹತ್ತುತ್ತದೆ. ಅದನ್ನು ಮೂಸಿ, ಮತ್ತೆ ದಳಕ್ಕೆ ಬನ್ನಿ. ದಳದೊಳಗಿದ್ದ ಆ ಸಣ್ಣ ಖಾರ ಈಗ ಎದ್ದು ಕಾಣುತ್ತದೆ.

ಇದಕ್ಕೆ ಕಾರಣ ಇದೆ. ಲವಂಗದ ಎಣ್ಣೆಯ ಬಹುಪಾಲು ಯುಜೆನಾಲ್ ಎಂಬ ವಸ್ತು. ಅದೇ ಯುಜೆನಾಲ್ ಗುಲಾಬಿ ಎಣ್ಣೆಯಲ್ಲೂ ತುಸು ಪ್ರಮಾಣದಲ್ಲಿ ಹುಟ್ಟಿನಿಂದಲೇ ಇರುತ್ತದೆ. ಅಂದರೆ ಸೆಂಟು ಮಾಡುವವರು ಗುಲಾಬಿಗೆ ಲವಂಗ ಸೇರಿಸುವಾಗ ಹೂವಿನೊಳಗೆ ಮೊದಲೇ ಇರುವ ಗುಣವನ್ನು ಎತ್ತಿ ಹಿಡಿಯುತ್ತಾರೆ ಅಷ್ಟೇ. ಒಳ್ಳೆ ಮಸಾಲೆ ಗುಲಾಬಿಯಲ್ಲಿ ಹೂವು ಎಲ್ಲಿ ಮುಗಿಯಿತು, ಮಸಾಲೆ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಹೂವು ಒಂದು ಕಡೆ, ಗರಂ ಮಸಾಲೆ ಒಂದು ಕಡೆ ಬೇರೆಬೇರೆಯಾಗಿ ಮೂಗಿಗೆ ಬಂದರೆ ಆ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ.

ಇನ್ನು ಮಸಾಲೆ ಡಬ್ಬಿ ತೆಗೆಯಿರಿ. ಒಂದೊಂದನ್ನೇ ಜಜ್ಜಿ, ದಳದ ಜೊತೆ ಹಿಡಿದು ಮೂಸಿ.

ಕರಿಮೆಣಸು ಒಣ, ಚುರುಕು ವಾಸನೆ. ಗುಲಾಬಿಯ ಸಿಹಿಯನ್ನು ತಗ್ಗಿಸುತ್ತದೆ. ಗುಲಾಬಿ ತೀರಾ ಸಿಹಿ ಅನ್ನುವವರಿಗೆ, ಅದರಲ್ಲೂ ಗಂಡಸರಿಗೆ, ಮೆಣಸಿನ ಗುಲಾಬಿಯಿಂದಲೇ ಶುರು ಮಾಡಿ ಅನ್ನುತ್ತೇನೆ. ಯಾಲಕ್ಕಿ ತಂಪು ಕೊಡುತ್ತದೆ, ಹಾವೇರಿಯ ಯಾಲಕ್ಕಿ ಹಾರ ಕೊರಳಿಗೆ ಬಿದ್ದಾಗ ಬರುತ್ತದಲ್ಲ, ಅದೇ ತಂಪು. ಬೇಸಿಗೆಗೆ ನನ್ನ ಮೊದಲ ಆಯ್ಕೆ ಇದೇ. ಕೇಸರಿ ಚರ್ಮದ, ಒಣಹುಲ್ಲಿನ, ಜೇನಿನ ಛಾಯೆ ತರುತ್ತದೆ. ಅರಬ್ ಶೈಲಿಯ ಗುಲಾಬಿ ಅತ್ತರುಗಳಲ್ಲಿ ಜಾಸ್ತಿ ಸಿಗುವುದು ಇದು. ಜಾಯಿಕಾಯಿ ಬೆಚ್ಚಗೆ, ಸ್ವಲ್ಪ ಮರದ ವಾಸನೆ.

ಚಕ್ಕೆ ಸಿಹಿಖಾರ. ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವ ದಪ್ಪ ಚಕ್ಕೆ ಸಾಮಾನ್ಯವಾಗಿ ಕ್ಯಾಸಿಯಾ ಎಂಬ ಬೇರೆ ಜಾತಿಯ ಚಕ್ಕೆ, ವಾಸನೆ ಇನ್ನೂ ಒರಟು. ಗುಲಾಬಿಯ ಮೇಲೆ ಅದು ಸುಲಭವಾಗಿ ಸವಾರಿ ಮಾಡುತ್ತದೆ. ಜೀರಿಗೆ ಹಾಕಿದ ಗುಲಾಬಿ ಸೆಂಟುಗಳೂ ಇವೆ. ಯುರೋಪಿನ ಚಳಿಯಲ್ಲಿ ಅದು ಚೆಂದ ಇರಬಹುದು. ಬೆವರಿನ ಜೊತೆ ಸೇರಿದರೆ ಜೀರಿಗೆ ಬೆವರಿನ ವಾಸನೆಯನ್ನೇ ಹೆಚ್ಚಿಸುತ್ತದೆ. ನಮ್ಮೂರಿಗೆ ಬೇಡ.

ಲವಂಗದ ಬಗ್ಗೆ ಒಂದು ಎಚ್ಚರಿಕೆ. ಯುಜೆನಾಲನ್ನು ಹಲ್ಲಿನ ಡಾಕ್ಟರು ಜಿಂಕ್ ಆಕ್ಸೈಡ್ ಜೊತೆ ಕಲಸಿ ಹಲ್ಲು ತುಂಬಲು ಬಳಸುತ್ತಾರೆ. ಡೆಂಟಲ್ ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ಆ ವಾಸನೆ ಯಾರಿಗೆ ಗೊತ್ತಿಲ್ಲ? ಸೆಂಟಿನಲ್ಲಿ ಲವಂಗ ಒಂಚೂರು ಜಾಸ್ತಿಯಾದರೂ ಪಕ್ಕದವರಿಗೆ ಡಾಕ್ಟರ ಕುರ್ಚಿ ನೆನಪಾಗುತ್ತದೆ. ಲವಂಗದ ಗುಲಾಬಿ ಕೊಳ್ಳುವಾಗ ಮನೆಯವರ ಮೂಗನ್ನೂ ಒಮ್ಮೆ ಕೇಳಿ.

ಎರಡನೇ ಹೆಜ್ಜೆ: ಡಬ್ಬಿ ಓದಿ

ಬಾಟಲಿಯ ಮುಂದೆ ಬರೆದಿರುವ ವರ್ಣನೆಗಿಂತ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಹೆಚ್ಚು ಹೇಳುತ್ತದೆ. ಯುರೋಪಿನ ನಿಯಮದಂತೆ ಅಲರ್ಜಿ ತರಬಹುದಾದ ಪರಿಮಳ ವಸ್ತುಗಳ ಹೆಸರನ್ನು ಅಲ್ಲಿ ಮುದ್ರಿಸಲೇಬೇಕು. ಹಾಗಾಗಿ ಆಮದು ಬಾಟಲಿಗಳಲ್ಲಿ ಈ ಪಟ್ಟಿ ಸಿಗುತ್ತದೆ. ಸಿಟ್ರೊನೆಲಾಲ್, ಜೆರಾನಿಯಾಲ್ ಎರಡೂ ಇದ್ದರೆ ಗುಲಾಬಿಯ ಮೈಕಟ್ಟು ಇರಬಹುದು, ಇವೆರಡೂ ಗುಲಾಬಿ ಎಣ್ಣೆಯ ಮುಖ್ಯ ಭಾಗಗಳು. ಯುಜೆನಾಲ್ ಇದ್ದರೆ ಲವಂಗದ ಕಡೆಯ ಖಾರ ನಿರೀಕ್ಷಿಸಿ. ಸಿನ್ನಮಾಲ್ ಎಂದಿದ್ದರೆ ಚಕ್ಕೆ. ಚರ್ಮ ಸೂಕ್ಷ್ಮ ಇರುವವರು ಸಿನ್ನಮಾಲ್ ಕಂಡರೆ ದೂರ ಇರುವುದೇ ಒಳ್ಳೆಯದು. ಮೆಣಸು, ಯಾಲಕ್ಕಿ ಹೀಗೆ ಹೆಸರಿನಲ್ಲಿ ಸಿಗುವುದಿಲ್ಲ, ಮೂಸಿಯೇ ನೋಡಬೇಕು.

ಸಾಂದ್ರತೆಯನ್ನೂ ನೋಡಿ. ಓ ದ ಪರ್ಫ್ಯೂಮ್ (Eau de Parfum) ಅಂದರೆ ಪರಿಮಳದ ಅಂಶ ಸುಮಾರು ಶೇ 15ರಿಂದ 20. ಓ ದ ತ್ವಾಲೆತ್ (Eau de Toilette) ಅದಕ್ಕಿಂತ ತೆಳು, ಶೇ 5ರಿಂದ 15. ಬಾಡಿ ಸ್ಪ್ರೇ ಇನ್ನೂ ತೆಳು. ಮಸಾಲೆ ಗುಲಾಬಿಯನ್ನು ದಿನಾ ಹಾಕುವವರಿಗೆ ಬೇಸಿಗೆಯಲ್ಲಿ ತ್ವಾಲೆತ್ ಸಾಕು. ಜಾಸ್ತಿ ಸಾಂದ್ರತೆ ಅಂದರೆ ಜಾಸ್ತಿ ಒಳ್ಳೆಯದು ಅಂತ ಅಲ್ಲ.

ಹೆಸರು ಬೇಕು ಅನ್ನುವವರಿಗೆ ಎರಡು ಹೇಳುತ್ತೇನೆ. ಫ್ರೆಂಚ್ ಪರಿಮಳಗಾರ ಡೊಮಿನಿಕ್ ರೋಪಿಯಾಂ ಅವರು ಫ್ರೆಡೆರಿಕ್ ಮಾಲ್ ಸಂಸ್ಥೆಗೆ 2010ರಲ್ಲಿ ಮಾಡಿದ ‘ಪೋರ್ಟ್ರೇಟ್ ಆಫ್ ಎ ಲೇಡಿ’ ಗುಲಾಬಿ, ಪಚೋಲಿ (ಮಣ್ಣಿನ ವಾಸನೆಯ ಒಂದು ಎಲೆ), ಲವಂಗ, ಚಕ್ಕೆಯ ಗಾಢ ಪರಿಮಳ. ಇನ್ನೊಬ್ಬ ಫ್ರೆಂಚ್ ಪರಿಮಳಗಾರ ಜಾನ್ ಕ್ಲೋದ್ ಎಲೆನಾ ಮಾಡಿದ ‘ರೋಸ್ ಪ್ವಾವ್ರೆ’ ಮೆಣಸಿನ ಗುಲಾಬಿ. ಎರಡೂ ತುಂಬಾ ದುಬಾರಿ. ಇಂಥವನ್ನು ಪೂರ್ತಿ ಬಾಟಲಿ ತರಿಸುವ ಬದಲು 2 ಮಿಲಿ, 5 ಮಿಲಿಯ ಸ್ಯಾಂಪಲ್ ತರಿಸಿ ನೋಡಿ.

ಮೂರನೇ ಹೆಜ್ಜೆ: ಅಂಗಡಿಯಲ್ಲಿ ಬರೀ ಹಚ್ಚಿಕೊಂಡು ಬನ್ನಿ

ಊಟಕ್ಕೆ ಮುಂಚೆ ಹೋಗಿ. ಮಿರ್ಚಿ ಮಂಡಕ್ಕಿ ತಿಂದ ಕೈಯಲ್ಲಿ ಸೆಂಟು ನೋಡಲು ಆಗುವುದಿಲ್ಲ. ಅವತ್ತು ಬೇರೆ ಸೆಂಟು, ಘಮ್ಮೆನ್ನುವ ಎಣ್ಣೆ ಬೇಡ.

ಮೊದಲು ಕಾಗದದ ಪಟ್ಟಿಯ ಮೇಲೆ ಮೂರು ನಾಲ್ಕು ನೋಡಿ. ಅದಕ್ಕಿಂತ ಜಾಸ್ತಿ ನೋಡಿದರೆ ಮೂಗು ಸುಸ್ತಾಗುತ್ತದೆ. ನಡುವೆ ಮೂಸಲು ಕಾಫಿ ಬೀಜ ಕೊಡುತ್ತಾರೆ, ಅದರಿಂದ ವಿಶೇಷ ಲಾಭವಿಲ್ಲ. ಹೊರಗೆ ಬಂದು ಸುಮ್ನೆ ಎರಡು ನಿಮಿಷ ಗಾಳಿ ತಗೊಳ್ಳಿ, ಇಲ್ಲವೇ ನಿಮ್ಮ ಮೊಣಕೈ ಒಳಗಿನ ಬರೀ ಚರ್ಮವನ್ನೇ ಮೂಸಿ.

ಇಷ್ಟವಾದ ಎರಡನ್ನು ಮಾತ್ರ ಮೈಗೆ ಹಾಕಿ. ಎಡ ಮಣಿಕಟ್ಟಿಗೆ ಒಂದು, ಬಲಕ್ಕೆ ಒಂದು. ಎರಡೂ ಕೈ ಉಜ್ಜಬೇಡಿ. ಉಜ್ಜಿದರೆ ಚರ್ಮ ಬಿಸಿಯಾಗಿ ಮೇಲಿನ ಪರಿಮಳ, ಅಂದರೆ ಹಚ್ಚಿದ ಕೂಡಲೇ ಮೂಗಿಗೆ ಬರುವುದು, ಬೇಗ ಹಾರುತ್ತದೆ, ಮಸಾಲೆ ಗುಲಾಬಿಯಲ್ಲಿ ಆ ಮೇಲಿನ ಪರಿಮಳವೇ ಮೆಣಸು, ಯಾಲಕ್ಕಿ. ಯಾವ ಕೈಗೆ ಯಾವುದು ಅಂತ ಫೋನಿನಲ್ಲಿ ಬರೆದುಕೊಂಡು, ಅಂಗಡಿಯವರಿಗೆ ಥ್ಯಾಂಕ್ಸ್ ಹೇಳಿ ಹೊರಟುಬಿಡಿ. ಆಫರ್ ಇವತ್ತಿಗೆ ಮುಗಿಯುತ್ತದೆ ಅಂದರೂ ಹೊರಡಿ.

ನಾಲ್ಕನೇ ಹೆಜ್ಜೆ: ನಾಲ್ಕು ತಾಸು ಕಾಯಿರಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು.

ಮೊದಲ ಕಾಲು ತಾಸು ಮೆಣಸು, ಯಾಲಕ್ಕಿ ಮಾತಾಡುತ್ತವೆ. ಅವುಗಳ ಕಣಗಳು ಹಗುರ, ಬೇಗ ಹಾರುತ್ತವೆ. ಈ ಹೊತ್ತಿನಲ್ಲಿ ಸೆಂಟು ನಿಮಗೆ ಏನೇ ಅನ್ನಿಸಿದರೂ ಪೂರ್ತಿ ನಂಬಬೇಡಿ.

ಅರ್ಧ ತಾಸಿನ ನಂತರ ಗುಲಾಬಿ ಮುಂದೆ ಬರುತ್ತದೆ. ಈಗ ಬಿಸಿಲಿಗೆ ಹೋಗಿ. ಸುಮ್ಮನೆ ಬಸ್ ಸ್ಟ್ಯಾಂಡ್ ತನಕ ನಡೆದು ಬನ್ನಿ, ಇಲ್ಲವೇ ಗಾಡಿಯಲ್ಲಿ ಒಂದು ಸುತ್ತು. ಬೆವರು ಬರಬೇಕು. ಬೆವರಿದ ಮೇಲೆ ಮೂಸಿ. ಹೂವು ಇನ್ನೂ ಇದೆಯಾ? ಬರೀ ಸಕ್ಕರೆ ಪಾಕದ ಸಿಹಿ ಉಳಿದಿದೆಯಾ? ಬಿಸಿಲಲ್ಲಿ ಗುಲಾಬಿಯ ಸಿಹಿ ಉಬ್ಬಿಕೊಳ್ಳುತ್ತದೆ. ಮಸಾಲೆ ಅದನ್ನು ಹಿಡಿದು ನಿಲ್ಲಿಸಬೇಕು. ನಿಲ್ಲಿಸಿದ್ದರೆ ಆ ಸೆಂಟು ನಮ್ಮೂರಿಗೆ ಪಾಸು.

ಎರಡು ತಾಸಿಗೆ ಲವಂಗ, ಚಕ್ಕೆ, ಕೇಸರಿ ಸ್ಪಷ್ಟವಾಗುತ್ತವೆ. ನಾಲ್ಕು ತಾಸಿಗೆ ತಳ, ಅಂದರೆ ಕೊನೆತನಕ ಉಳಿಯುವ ಪರಿಮಳ, ಕಾಣುತ್ತದೆ: ಶ್ರೀಗಂಧ, ಪಚೋಲಿ, ಲಾವಂಚ, ಊದ್ (ಅಗರು ಮರದ ಗಾಢ ಪರಿಮಳ), ಏನಿದೆಯೋ ಅದು. ನೀವು ದಿನದ ಹೆಚ್ಚಿನ ಹೊತ್ತು ಕಳೆಯುವುದು ಈ ತಳದ ಜೊತೆ. ಅದು ಇಷ್ಟವಾಗದಿದ್ದರೆ ಮೇಲಿನ ಗುಲಾಬಿ ಎಷ್ಟು ಚೆಂದ ಇದ್ದರೂ ಉಪಯೋಗವಿಲ್ಲ. ಶ್ರೀಗಂಧದ ತಳ ಇರುವ ಮಸಾಲೆ ಗುಲಾಬಿ ನಮ್ಮ ಹವೆಗೆ ಚೆನ್ನಾಗಿ ಒಪ್ಪುತ್ತದೆ, ಬಿಸಿಗೂ ಅದು ಮೃದುವಾಗಿಯೇ ಇರುತ್ತದೆ. ಊದ್ ಜಾಸ್ತಿ ಇರುವುದನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಒಂದು ವಿಷಯ ನೆನಪಿರಲಿ. ನಿಮ್ಮ ಮೂಗು ನಿಮ್ಮ ಸೆಂಟಿಗೆ ಬೇಗ ಒಗ್ಗಿಹೋಗುತ್ತದೆ. ನಿಮಗೆ ವಾಸನೆ ಬರುತ್ತಿಲ್ಲ ಅಂದರೆ ಅದು ಹೋಗಿದೆ ಅಂತ ಅರ್ಥವಲ್ಲ. ಮತ್ತೆ ಹಾಕುವ ಮುಂಚೆ ಮನೆಯವರನ್ನೋ ಸ್ನೇಹಿತರನ್ನೋ ಕೇಳಿ.

ಐದನೇ ಹೆಜ್ಜೆ: ಎಷ್ಟು, ಎಲ್ಲಿ, ಯಾವಾಗ

ಆಫೀಸು, ಕಾಲೇಜಿಗೆ ಒಂದೇ ಸ್ಪ್ರೇ, ಎದೆಯ ಮೇಲೆ, ಅಂಗಿಯ ಒಳಗೆ. ಬಸ್ಸಿನಲ್ಲಿ ಚಿತ್ರದುರ್ಗಕ್ಕೋ ಹರಿಹರಕ್ಕೋ ಓಡಾಡುವವರು ಇಳಿದ ಮೇಲೆ ಹಾಕಿಕೊಳ್ಳುವುದು ಒಳ್ಳೆಯದು. ತುಂಬಿದ ಬಸ್ಸಿನಲ್ಲಿ ಲವಂಗದ ಸೆಂಟು ಪಕ್ಕದವರಿಗೆ ತಲೆನೋವು ತರಬಹುದು.

ಮದುವೆಗೆ ರೇಷ್ಮೆ ಸೀರೆ ಉಟ್ಟಾಗ ಬಟ್ಟೆಯ ಮೇಲೆ ಹೊಡೆಯಬೇಡಿ. ಕಲೆ ಉಳಿಯುತ್ತದೆ, ಅತ್ತರಾದರೆ ಎಣ್ಣೆ ಕಲೆ. ಮೊದಲು ಸೆಂಟು, ಆಮೇಲೆ ಸೀರೆ, ಕೊನೆಗೆ ಒಡವೆ. ಮುತ್ತಿನ ಸರ ಇದ್ದರೆ ಈ ಕ್ರಮ ಇನ್ನೂ ಮುಖ್ಯ, ಸೆಂಟು ಮುತ್ತಿನ ಹೊಳಪನ್ನು ಹಾಳು ಮಾಡುತ್ತದೆ. ಮಲ್ಲಿಗೆ ದಂಡೆ ಮುಡಿಯುವುದಿದ್ದರೆ ಕುತ್ತಿಗೆಗೆ ಹಾಕದೆ ಮಣಿಕಟ್ಟಿಗೆ ಮಾತ್ರ ಹಾಕಿ. ಮಲ್ಲಿಗೆಗೂ ಲವಂಗಕ್ಕೂ ಅಷ್ಟಕ್ಕಷ್ಟೇ.

ಡಿಸೆಂಬರ್, ಜನವರಿಯ ಒಣ ಚಳಿಯ ಸಂಜೆ ಮಸಾಲೆ ಗುಲಾಬಿಗೆ ಹೇಳಿ ಮಾಡಿಸಿದ ಹೊತ್ತು. ಆಗ ಚರ್ಮವೂ ಒಣಗಿರುತ್ತದೆ, ಒಣ ಚರ್ಮದ ಮೇಲೆ ಪರಿಮಳ ನಿಲ್ಲುವುದಿಲ್ಲ. ವಾಸನೆಯಿಲ್ಲದ ವ್ಯಾಸಲೀನ್ ತುಸು ಸವರಿ ಅದರ ಮೇಲೆ ಹಾಕಿ. ಚಿತ್ರದುರ್ಗದ ಕೋಟೆ ಹತ್ತುವಾಗ, ಜೋಗಿಮಟ್ಟಿಯ ಗಾಳಿಯಲ್ಲಿ ನಿಂತಾಗ ಸ್ಪ್ರೇ ಬೇಗ ಹಾರುತ್ತದೆ. ಅಂಥ ಕಡೆ ಎಣ್ಣೆಯ ಅತ್ತರು ಹೆಚ್ಚು ನಿಲ್ಲುತ್ತದೆ.

ಅತ್ತರು ಕೊಳ್ಳುವವರಿಗೆ

ಗುಲಾಬಿ ಅತ್ತರಿಗೆ ನಮ್ಮ ದೇಶದಲ್ಲಿ ಹೆಸರಾದ ಊರು ಉತ್ತರ ಪ್ರದೇಶದ ಕನೌಜ್. ಅಲ್ಲಿ ತಾಮ್ರದ ಹಂಡೆಯಲ್ಲಿ ಹೂವು, ನೀರು ಹಾಕಿ ಕಟ್ಟಿಗೆ ಒಲೆಯ ಮೇಲೆ ಕಾಯಿಸುತ್ತಾರೆ. ಆವಿಯನ್ನು ಬಿದಿರಿನ ಕೊಳವೆಯಲ್ಲಿ ಇನ್ನೊಂದು ಪಾತ್ರೆಗೆ ಇಳಿಸುತ್ತಾರೆ. ಸಾಂಪ್ರದಾಯಿಕವಾಗಿ ಆ ಪಾತ್ರೆಯಲ್ಲಿ ಶ್ರೀಗಂಧದ ಎಣ್ಣೆ ಇರುತ್ತಿತ್ತು, ಅದು ಪರಿಮಳವನ್ನು ಹೀರಿ ಹಿಡಿದುಕೊಳ್ಳುತ್ತಿತ್ತು. ಅಲ್ಲಿಯ ಶಮಾಮ ಎಂಬ ಅತ್ತರಿನಲ್ಲಿ ಗಿಡಮೂಲಿಕೆ, ಲವಂಗ, ಜಾಯಿಕಾಯಿಗಳೆಲ್ಲ ಸೇರುತ್ತವೆ. ಗುಲಾಬಿ ಅತ್ತರಿನ ಮೇಲೆ ಕಡ್ಡಿಯ ತುದಿಯಷ್ಟು ಶಮಾಮ ಹಚ್ಚಿ ನೋಡಿ, ಮಸಾಲೆ ಗುಲಾಬಿ ನಿಮ್ಮ ಕೈಮೇಲೇ ತಯಾರಾಗುತ್ತದೆ.

ಬೆಲೆಯ ಲೆಕ್ಕ ತಿಳಿದಿರಲಿ. ಒಂದು ಕೆಜಿ ಗುಲಾಬಿ ಎಣ್ಣೆಗೆ ಸುಮಾರು 3,000ದಿಂದ 5,000 ಕೆಜಿ ದಳ ಬೇಕು. ಬಲ್ಗೇರಿಯಾದ ಕಜಾನ್ಲಾಕ್ ಕಣಿವೆ, ಟರ್ಕಿಯ ಇಸ್ಪಾರ್ಟಾ, ಸೌದಿಯ ತಾಯಿಫ್, ಎಲ್ಲ ಕಡೆಯೂ ಇದೇ ಲೆಕ್ಕ. ಹಾಗಾಗಿ ನೂರು ರೂಪಾಯಿಗೆ ಸಿಗುವ ಪುಟ್ಟ ಬಾಟಲಿಯಲ್ಲಿ ಅಸಲಿ ಗುಲಾಬಿ ಎಣ್ಣೆ ಇರಲು ಸಾಧ್ಯವಿಲ್ಲ. ಅದು ಪ್ರಯೋಗಾಲಯದಲ್ಲಿ ಮಾಡಿದ ಪರಿಮಳ. ಅದರಲ್ಲೂ ಒಳ್ಳೆಯವು ಇವೆ, ಇಷ್ಟವಾದರೆ ಧಾರಾಳವಾಗಿ ಹಚ್ಚಿ. ಅಸಲಿ ಅಂತ ಹೇಳಿ ಮಾರಿದರೆ ಮಾತ್ರ ನಂಬಬೇಡಿ. ರಂಜಾನ್ ತಿಂಗಳಲ್ಲಿ ಮಸೀದಿಗಳ ಹತ್ತಿರದ ಅತ್ತರು ಅಂಗಡಿಗಳಲ್ಲಿ ಹೊಸ ಸರಕು ಬಂದಿರುತ್ತದೆ. ಗುಲಾಬಿ, ಕೇಸರಿ, ಊದ್ ಎಲ್ಲವನ್ನೂ ಕೈಗೆ ಹಚ್ಚಿ ತೋರಿಸುತ್ತಾರೆ. ಮೂಗು ಪಳಗಿಸಲು ಅದಕ್ಕಿಂತ ಒಳ್ಳೆ ಸಮಯ ಇಲ್ಲ.

ಮನೆಯಲ್ಲೇ ಬೆರೆಸುವ ವಿಧಾನ

ಇದಕ್ಕೆ ಅಡುಗೆಮನೆಯ ಲವಂಗ, ಚಕ್ಕೆ ನೆನೆಸಿದ ಕೊಬ್ಬರಿ ಎಣ್ಣೆ ಬೇಡ. ಅದು ಪಲಾವ್ ವಾಸನೆ ಕೊಡುತ್ತದೆ. ಆವಿಯಲ್ಲಿ ಇಳಿಸಿದ ಶುದ್ಧ ಸುಗಂಧ ತೈಲಗಳು ಬೇಕು. ಆನ್‌ಲೈನ್‌ನಲ್ಲಿ ಸಿಗುತ್ತವೆ, ಗ್ರಂಧಿಗೆ ಅಂಗಡಿಯಲ್ಲೂ ವಿಚಾರಿಸಿ. ಶ್ರೀಗಂಧದ ಎಣ್ಣೆಗೆ ನಮ್ಮದೇ ರಾಜ್ಯದ ಸರ್ಕಾರಿ ಎಣ್ಣೆ ಇದೆ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಕಾರ್ಖಾನೆಯ ಪರಂಪರೆ ಅದು. ದುಬಾರಿ, ಆದರೆ ಬೇಕಾಗುವುದು ನಾಲ್ಕೇ ಹನಿ.

10 ಮಿಲಿಯ ಒಂದು ರೋಲ್-ಆನ್ ಬಾಟಲಿ ತಗೊಳ್ಳಿ. ಅದಕ್ಕೆ ಸುಮಾರು 9 ಮಿಲಿ ಜೊಜೊಬಾ ಎಣ್ಣೆ ಹಾಕಿ. ಇದಕ್ಕೆ ತನ್ನದೇ ವಾಸನೆ ಕಡಿಮೆ, ಬೇಗ ಕೆಡುವುದೂ ಇಲ್ಲ. ಆಮೇಲೆ ಈ ಕ್ರಮದಲ್ಲಿ ಹನಿ ಹಾಕಿ: ಶ್ರೀಗಂಧದ ಎಣ್ಣೆ 4, ಜೆರೇನಿಯಂ (ಗುಲಾಬಿಯಂಥ ಪರಿಮಳದ ಎಲೆಯ ಗಿಡ) ಎಣ್ಣೆ 8, ಅಸಲಿ ಗುಲಾಬಿ ಎಣ್ಣೆ 1, ಕರಿಮೆಣಸಿನ ಎಣ್ಣೆ 2, ಯಾಲಕ್ಕಿ ಎಣ್ಣೆ 1. ಜೆರೇನಿಯಂ ಯಾಕೆ ಅಂದರೆ ಗುಲಾಬಿಯಲ್ಲಿರುವ ಸಿಟ್ರೊನೆಲಾಲ್, ಜೆರಾನಿಯಾಲ್ ಅದರಲ್ಲೂ ಹೇರಳವಾಗಿವೆ, ಬೆಲೆ ಮಾತ್ರ ಎಷ್ಟೋ ಕಡಿಮೆ. ಅದು ಗುಲಾಬಿಯ ಮೈ ಕಟ್ಟಿಕೊಡುತ್ತದೆ, ಒಂದು ಹನಿ ಅಸಲಿ ಎಣ್ಣೆ ಜೀವ ತುಂಬುತ್ತದೆ. ಆ ಒಂದು ಹನಿಗೂ ದುಡ್ಡು ಜಾಸ್ತಿ ಅನ್ನಿಸಿದರೆ ಬಿಡಿ, ಜೆರೇನಿಯಂ ಒಂದರಿಂದಲೇ ಚೆನ್ನಾಗಿ ಬರುತ್ತದೆ.

ಇಷ್ಟನ್ನು ಬೆರೆಸಿ ಎರಡು ದಿನ ಬಿಡಿ, ಆಮೇಲೆ ಮೂಸಿ. ಮೆಣಸು, ಯಾಲಕ್ಕಿಯ ಖಾರವೇ ಸಾಕು ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಇಲ್ಲದಿದ್ದರೆ ಲವಂಗದ ಎಣ್ಣೆ ಒಂದೇ ಒಂದು ಹನಿ. ಎರಡನೇ ಹನಿ ಖಂಡಿತ ಬೇಡ. 1 ಮಿಲಿಗೆ ಸುಮಾರು 20 ಹನಿ ಲೆಕ್ಕದಲ್ಲಿ 10 ಮಿಲಿಗೆ ಒಂದು ಹನಿ ಅಂದರೆ ಶೇ 0.5. ಲವಂಗದ ಎಣ್ಣೆಯನ್ನು ಚರ್ಮಕ್ಕೆ ಅದಕ್ಕಿಂತ ಜಾಸ್ತಿ ಬಳಸಬಾರದು. ಚಕ್ಕೆ ಎಣ್ಣೆಯನ್ನು ಮನೆಯ ಮಿಶ್ರಣಕ್ಕೆ ಹಾಕಲೇಬೇಡಿ, ಚರ್ಮ ಸುಡುತ್ತದೆ. ಯಾವ ತೈಲವನ್ನೂ ನೇರವಾಗಿ ಮೈಗೆ ಹಚ್ಚಬೇಡಿ.

ಮುಚ್ಚಳ ಬಿಗಿಮಾಡಿ, ಎರಡು ವಾರ ಬೀರುವಿನಲ್ಲಿ ಇಡಿ. ದಿನಕ್ಕೊಮ್ಮೆ ಅಲುಗಾಡಿಸಿದರೆ ಸಾಕು. ಬಳಸುವ ಮುಂಚೆ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ತುರಿಕೆ, ಕೆಂಪು ಬಂದರೆ ಸೋಪು ಹಾಕಿ ತೊಳೆದು ಅಲ್ಲಿಗೆ ಬಿಟ್ಟುಬಿಡಿ. ಬಸುರಿಯರು, ಆಸ್ತಮಾ ಇರುವವರು ಡಾಕ್ಟರನ್ನು ಕೇಳಿಯೇ ಹಚ್ಚಿ. ಚಿಕ್ಕ ಮಕ್ಕಳಿಗೆ ಬೇಡ.

ಮೈಗೆ ಹಚ್ಚಲು ಇಷ್ಟವಿಲ್ಲದವರಿಗೆ ಬೀರುವಿನ ಗಂಟು ಇದೆ. ಪನ್ನೀರು ಗುಲಾಬಿಯ ದಳಗಳನ್ನು ನೆರಳಲ್ಲಿ ಗರಿಗರಿಯಾಗುವ ತನಕ ಒಣಗಿಸಿ. ಎರಡು ಹಿಡಿ ದಳಕ್ಕೆ ಹತ್ತು ಲವಂಗ, ಜಜ್ಜಿದ ನಾಲ್ಕು ಯಾಲಕ್ಕಿ, ಒಂದು ತುಂಡು ಲಾವಂಚದ ಬೇರು ಸೇರಿಸಿ ಹಳೆ ಪಂಚೆಯ ಬಟ್ಟೆಯಲ್ಲಿ ಕಟ್ಟಿ. ದಳ ಪೂರ್ತಿ ಒಣಗಿರಲಿ, ಹಸಿ ಉಳಿದರೆ ಬೂಸ್ಟು ಬರುತ್ತದೆ. ಸೀರೆ, ಅಂಗಿಗಳ ನಡುವೆ ಇಟ್ಟರೆ ಬಟ್ಟೆಗೆ ಹಿತವಾದ ಪರಿಮಳ ಹತ್ತುತ್ತದೆ.

ಇಡುವ ಜಾಗ

ಸೆಂಟಿಗೆ ಬಿಸಿ, ಬೆಳಕು ಎರಡೂ ಆಗುವುದಿಲ್ಲ. ಕಿಟಕಿ ಪಕ್ಕದ ಕನ್ನಡಿ ಮೇಜು, ಬಚ್ಚಲಮನೆ, ಗಾಡಿಯ ಡಿಕ್ಕಿ ಮೂರೂ ಬೇಡ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಒಂದು ಬೇಸಿಗೆ ಕಳೆದರೆ ಎಂಥ ಬಾಟಲಿಯೂ ಕೆಡುತ್ತದೆ. ಡಬ್ಬಿಯೊಳಗೇ ಇಟ್ಟು, ಡಬ್ಬಿಯನ್ನು ಹೊರಗೋಡೆಗೆ ತಾಗದ ಬೀರುವಿನ ಕೆಳಗಿನ ಅರೆಯಲ್ಲಿ ಇಡಿ. ಅಸಲಿ ಗುಲಾಬಿ ಎಣ್ಣೆ ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿದರೆ ಗಾಬರಿಯಾಗಬೇಡಿ, ಅದರಲ್ಲಿರುವ ಮೇಣದಂಥ ಅಂಶದ ಗುಣ ಅದು. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಕರಗುತ್ತದೆ. ಮನೆಯ ಮಿಶ್ರಣದ ಬಾಟಲಿ ಮೇಲೆ ಮಾಡಿದ ತಾರೀಖು, ಹನಿಗಳ ಲೆಕ್ಕ ಎರಡನ್ನೂ ಬರೆದು ಅಂಟಿಸಿ. ಚೆನ್ನಾಗಿ ಬಂದರೆ ಮುಂದಿನ ಸಲ ಅದೇ ಅಳತೆ ಬೇಕಾಗುತ್ತದೆ. ವರ್ಷದೊಳಗೆ ಮುಗಿಸಿ, ಎಣ್ಣೆ ಕಮಟು ವಾಸನೆ ಬಂದ ದಿನ ಚೆಲ್ಲಿ ಹೊಸದು ಮಾಡಿ.